ಮುನಿಯಪ್ಪನಿಗೆ ಕೈ ತುಂಬ ಸುರುಟು

ಮುಚ್ಚಳ ಸರಿಯಾಗಿ ಬಿಗಿದಿದೆಯಾ ಅಂತ ನೋಡೋದಕ್ಕೆ ನಮ್ಮ ಹತ್ತಿರ ಒಂದು ಮೀಟರ್ ಇದೆ. ಬಾಟಲಿಯನ್ನ ಅದರ ಮೇಲೆ ನಿಲ್ಲಿಸಿ ಮುಚ್ಚಳ ತಿರುಗಿಸಿದರೆ ಟಾರ್ಕ್ ಎಷ್ಟು, ಅಂದರೆ ಬಿಚ್ಚೋದಕ್ಕೆ ಎಷ್ಟು ಬಲ ಬೇಕು ಅಂತ ತೋರಿಸುತ್ತೆ. ಆದರೆ ನಮ್ಮ ಫಿಟ್ಟರಣ್ಣ ಮೀಟರ್ ಹತ್ತಿರ ಹೋಗೋ ಮುಂಚೆ ಒಂದು ಬಾಟಲಿ ಎತ್ತಿಕೊಂಡು ಬಲಗೈಯಲ್ಲಿ ಮುಚ್ಚಳ ತಿರುಗಿಸೋರು. ಟಕ್ ಅಂತ ಸೀಲಿನ ಉಂಗುರ ಮುರಿದ ಸದ್ದು ಬಂದರೆ ಕಣ್ಣು ಮುಚ್ಚಿಕೊಂಡು, "ಬರೋಬ್ಬರಿ ಐತ್ರಿ ಅಕ್ಕಾರ" ಅನ್ನೋರು. ಆಮೇಲೆ ಮೀಟರು. ನನಗೆ ಮೀಟರ್ ಮೇಲೆ ನಂಬಿಕೆ, ಅವರಿಗೆ ಕೈ ಮೇಲೆ. ಎರಡೂ ಒಂದೇ ಉತ್ತರ ಕೊಟ್ಟರೆ ಟೀ ಕುಡಿಯೋದು ನಮ್ಮ ಪದ್ಧತಿ.

ನಾವು ಪೀಣ್ಯದಲ್ಲಿ ಬಾಟಲಿ ತುಂಬಿ ಮುಚ್ಚಳ ಹಾಕೋ ಮೆಷಿನ್ ಮಾಡ್ತೀವಿ. ಆ ಸಲ ಮೆಷಿನ್ ಹೋಗಿದ್ದು ಕೆರಿಬಿಯನ್ ಸಮುದ್ರದ ಒಂದು ದ್ವೀಪದಲ್ಲಿರೋ ರಮ್ ಕಾರ್ಖಾನೆಗೆ. ಅದನ್ನ ಜೋಡಿಸಿ, ಓಡಿಸಿ, ಅವರ ಕೈಗೆ ಒಪ್ಪಿಸಿ ಬರೋದಕ್ಕೆ ಮೂವರು ಹೋಗಿದ್ದೆವು. ಎಲೆಕ್ಟ್ರಿಕಲ್ ಪ್ಯಾನಲ್ ಕೆಲಸಕ್ಕೆ ನಾನು. ಪ್ರೋಗ್ರಾಂ ಬರೆಯೋದಕ್ಕೆ ಸಿಂಗಸಂದ್ರದ ಒಬ್ಬ. ಕಂಡವರನ್ನೆಲ್ಲ 'ಗುರು' ಅನ್ನೋ ಆಸಾಮಿ, ನಾನು ಹೆಂಗಸು ಅನ್ನೋದೂ ಅವನಿಗೆ ಲೆಕ್ಕಕ್ಕಿಲ್ಲ. ಮೂರನೆಯವರು ಫಿಟ್ಟರಣ್ಣ. ಬಾಗಲಕೋಟೆ ಕಡೆಯವರು, ಪೀಣ್ಯದಲ್ಲಿ ಬಾಡಿಗೆ ರೂಮಿನಲ್ಲಿ ಹೆಂಡತಿ ಜೊತೆ ಇದ್ದಾರೆ. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಆದರೂ ನಾನು ಅವರಿಗೆ ಅಕ್ಕಾರ. ಬೇಡ ಅಂತ ಹೇಳಿ ಹೇಳಿ ನನಗೇ ಸಾಕಾಯ್ತು.

ಅಲ್ಲಿ ಮೊದಲಿಂದಲೂ ಗೋಳು. ಹಡಗಿನಲ್ಲಿ ಬಂದ ಮೆಷಿನ್‌ಗೆ ಉಪ್ಪುಗಾಳಿ ಹೊಡೆದು ಬೇರಿಂಗ್ ಕಚ್ಚಿಕೊಂಡಿತ್ತು. ಆ ಕಾರ್ಖಾನೆಯವರ ಬಾಟಲಿಯ ಕತ್ತು ನಮಗೆ ಕಳಿಸಿದ್ದ ಸ್ಯಾಂಪಲ್‌ಗಿಂತ ಕೂದಲೆಳೆಯಷ್ಟು ದಪ್ಪ. ಅದರಿಂದ ಬಾಟಲಿ ತಿರುಗಿಸಿ ಮುಂದಕ್ಕೆ ಕಳಿಸೋ ಚಕ್ರದಲ್ಲಿ ಸಿಕ್ಕಿಹಾಕಿಕೊಳ್ಳೋದು, ಒಡೆಯೋದು, ನಾವು ನಿಲ್ಲಿಸೋದು, ಗಾಜು ಗುಡಿಸೋದು. ಬಿಸಿಲು ಬೇರೆ. ರಮ್ಮಿನ ವಾಸನೆಗೇ ತಲೆ ತಿರುಗೋದು.

ಅಂಥ ಒಂದು ಮಧ್ಯಾಹ್ನ ಚಕ್ರಕ್ಕೆ ಬಾಟಲಿ ಸಿಕ್ಕಿಕೊಂಡಿತು. ಕರೆಂಟ್ ಆಫ್ ಮಾಡಿ, ಯಾರೂ ಆನ್ ಮಾಡದ ಹಾಗೆ ಸ್ವಿಚ್ಚಿಗೆ ಬೀಗ ಹಾಕಿ ಬೀಗದ ಕೈ ನನ್ನ ಜೇಬಲ್ಲೇ ಇಟ್ಟುಕೊಂಡಿದ್ದೆ. ಫಿಟ್ಟರಣ್ಣ ಕೈ ಹಾಕಿ ಬಾಟಲಿ ಎಳೆದರು. ಬಿಗಿದುಕೊಂಡಿದ್ದ ಚಕ್ರ ಬಾಟಲಿ ಬಂದಿದ್ದೇ ತಡ, ಒಂದು ಹಲ್ಲಿನಷ್ಟು ಮುಂದಕ್ಕೆ ಹಾರಿತು. ಅಷ್ಟೇ. ಬಲಗೈಯ ನಡುಬೆರಳು, ಉಂಗುರದ ಬೆರಳು ಎರಡೂ ಸಿಕ್ಕಿದವು. ಅವರು ಕೂಗಲಿಲ್ಲ. "ಅಕ್ಕಾರ, ಚಕ್ರ ಹಿಂದಕ್ಕ ತಿರುವ್ರಿ" ಅಂದರು, ನೀರು ಕೊಡಿ ಅಂದ ಹಾಗೆ.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ಬೆರಳು ಉಳಿಯುತ್ತೆ, ಆದರೆ ಮೊದಲಿನ ಹಾಗೆ ಮಡಚೋದಕ್ಕೆ ಬರುತ್ತಾ ಅನ್ನೋದು ಅವರು ಎಷ್ಟು ವ್ಯಾಯಾಮ ಮಾಡ್ತಾರೆ ಅನ್ನೋದರ ಮೇಲಿದೆ ಅಂತ ಡಾಕ್ಟರ್ ಹೇಳಿದರು. ಫಿಟ್ಟರ್‌ಗೆ ಕೈ ಹೋದರೆ ಇನ್ನೇನು ಉಳಿಯುತ್ತೆ ಹೇಳಿ. ಅವರು ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿದ್ದರು. ನಾನು ಅವರ ಮನೆಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಹೆಂಡತಿ ಅಳೋದಕ್ಕೆ ಶುರು ಮಾಡಿದರು. ಆಗ ಫೋನ್ ಕಿತ್ತುಕೊಂಡಿದ್ದು ಮನೆ ಓನರ್ ಅಜ್ಜಿ.

ಈ ಅಜ್ಜಿ ಪೀಣ್ಯದ ಹಳೇ ಊರಿನವಳು. ಕಾರ್ಖಾನೆಗಳು ಬರೋ ಮುಂಚೆ ಇದ್ದ ಹೊಲದ ಬದುವಿನಲ್ಲೇ ಅವಳ ವಠಾರ. ಪಕ್ಕದಲ್ಲಿ ಎರಡು ಫ್ಯಾಕ್ಟರಿ ಕಾಂಪೌಂಡುಗಳ ನಡುವೆ, ಟ್ರಾನ್ಸ್‌ಫಾರ್ಮರ್ ಹತ್ತಿರ, ಬೇವಿನ ಮರದ ಕೆಳಗೆ ಮುನೇಶ್ವರನ ಗುಡಿ. ಅದರ ಪೂಜೆಯೂ ಅವಳದ್ದೇ. ಮುನೇಶ್ವರ ಅಂದರೆ ಕಾಯೋ ದೇವರು. ನಮ್ಮ ಕಡೆ ಪ್ರೀತಿಯಿಂದ ಮುನಿಯಪ್ಪ. ಬಾಳೆಹಣ್ಣು ಕಲ್ಲುಸಕ್ಕರೆಗೆಲ್ಲ ಬಗ್ಗೋನಲ್ಲ. ಸುರುಟು, ಅಂದರೆ ದಪ್ಪ ಚುಟ್ಟಾ, ಹಚ್ಚಿಡಬೇಕು, ಹೆಂಡ ಇಡಬೇಕು. ಆ ದಾರಿಯ ಲಾರಿ ಡ್ರೈವರುಗಳೆಲ್ಲ ಅವನಿಗೊಂದು ಸುರುಟು ಹಚ್ಚಿಯೇ ಮುಂದೆ ಹೋಗೋದು.

"ಏನೂ ಆಗಕಿಲ್ಲ ಕಣಪ್ಪ ನಿನ್ ಕೈಗೆ," ಅಂತ ಅಜ್ಜಿ ಫೋನಿನಲ್ಲಿ ಗದರಿಸಿದಳು. "ಈಗ್ಲೇ ಮುನಿಯಪ್ಪಂಗೆ ಅರಕೆ ಏಳ್ಕಂಡೆ. ಈ ಕೈ ಉಳ್ಸ್‌ಕೊಡಪ್ಪ, ಓದ ದೇಸದ ಸುರುಟು, ಅಲ್ಲಿಂದೇ ಎಂಡ, ಕೈ ತುಂಬ ತಂದು ಮಡುಗ್ತಾನೆ ಅಂತ. ಆದ್ರೆ ನೋಡು, ನೀನೇ ತರ್ಬೇಕು. ಇನ್ನೊಬ್ರ ಮ್ಯಾಲೆ ಒರ್ಸಂಗಿಲ್ಲ."

ಫಿಟ್ಟರಣ್ಣ ಗೋಡೆ ಬಿಟ್ಟು ಈ ಕಡೆ ತಿರುಗಿದರು. "ನಾನ ತರ್ತೀನಬೇ" ಅಂದರು. ಡಾಕ್ಟರ್ ಮಾತಿಗೆ ಬಾರದ ಜೀವ ಈ ಮಾತಿಗೆ ಬಂತು. ನಾನು ಅಂಥ ದೊಡ್ಡ ಭಕ್ತೆ ಏನಲ್ಲ. ಆದರೆ ಆ ಕ್ಷಣ ಅಜ್ಜಿ ಎದುರಿಗಿದ್ದಿದ್ದರೆ ಕಾಲಿಗೆ ಬೀಳ್ತಿದ್ದೆ.

ಉಳಿದ ಕೆಲಸ ಅವರು ಸ್ಟೂಲಿನ ಮೇಲೆ ಕೂತು ಹೇಳೋದು, ನಾನು ಮಾಡೋದು. ಚಕ್ರದ ಹಲ್ಲುಗಳ ನಡುವಿನ ಸಂದುಗಳನ್ನ ಒಂದೊಂದಾಗಿ ಅರದಿಂದ ಉಜ್ಜಿ ಅಗಲ ಮಾಡಿದೆವು. ಮುಚ್ಚಳ ತಿರುಗಿಸೋ ತಲೆಗಳಲ್ಲಿ ಒಂದರ ಸ್ಪ್ರಿಂಗ್ ಸಡಿಲ ಇತ್ತು, ಅದರ ಬಾಟಲಿಗಳು ಮಾತ್ರ ಅಡ್ಡ ಮಲಗಿಸಿದರೆ ತೊಟ್ಟಿಕ್ಕುತ್ತಿದ್ದವು. "ಇನ್ನೊಂದೀಟ ಬಿಗೀರಿ. ಅಷ್ಟಲ್ರಿ, ಅವಸರ ಮಾಡಬ್ಯಾಡ್ರಿ, ಮೆತ್ತಗ" ಅಂತ ಅವರು, "ನೀವೇ ಬಂದು ಬಿಗೀರಿ ಮತ್ತೆ" ಅಂತ ನಾನು. ಅಂದು ನಾಲಿಗೆ ಕಚ್ಚಿಕೊಳ್ಳೋದು. ಕೊನೆಗೂ ಲೈನ್ ಓಡಿತು. ಒಂದು ಬಾಟಲಿ ಅವರ ಮುಂದೆ ಹಿಡಿದೆ, ಮುಚ್ಚಳ ತಿರುಗಿಸಿ ನೋಡಲಿ ಅಂತ. ಅವರು ಬಲಗೈಯನ್ನ ಗಾಯದ ಮೇಲೆ ಸುತ್ತಿಕೊಂಡಿದ್ದ ಟವೆಲ್ ಒಳಗೆ ಎಳೆದುಕೊಂಡು, "ಮೀಟರ್ ನೋಡ್ರಿ ಅಕ್ಕಾರ" ಅಂದರು. ಹೊಲಿಗೆ ಬಿಚ್ಚಿದ ಮೇಲೂ ಅಷ್ಟೇ. ಆ ಕೈ ಟವೆಲ್ ಬಿಟ್ಟು ಹೊರಗೆ ಬರಲಿಲ್ಲ, ಬೆರಳು ಮಡಚಿ ನೋಡಲಿಲ್ಲ. ಮಡಚಿ ನೋಡಿ ಬರದೇ ಹೋದರೆ ಅನ್ನೋ ಭಯ.

ಬೀಳ್ಕೊಡೋ ದಿನ ಕಾರ್ಖಾನೆಯವರು ನಮ್ಮ ಮೆಷಿನ್ ಮುಚ್ಚಳ ಹಾಕಿದ ಬಾಟಲಿಗಳಲ್ಲೇ ತಲೆಗೆ ಎರಡು ರಮ್ಮು, ಜೊತೆಗೆ ತಲೆಗೊಂದು ಡಬ್ಬ ಸುರುಟು ಕೊಟ್ಟರು. ಫಿಟ್ಟರಣ್ಣನ ಕಣ್ಣು ನಮ್ಮ ಪಾಲಿನ ಮೇಲೆ ಹೋಯ್ತು. ಬಾಯಿ ಬಿಟ್ಟು ಕೇಳೋ ಮನುಷ್ಯ ಅಲ್ಲ.

"ಗುರು, ಅಜ್ಜಿ ಕೈ ತುಂಬ ಅಂದಿದ್ದಾರಲ್ಲ, ನಂದೂ ತಗೊಳ್ಳಿ," ಅಂದ ಪ್ರೋಗ್ರಾಮರ್. "ಮುನಿಯಪ್ಪಂಗೆ ನನ್ನ ಹೆಸರೂ ಒಂದ್ಸಲ ಹೇಳ್ಬಿಡಿ, ಸಾಕು." ನಾನೂ ನನ್ನದು ಕೊಟ್ಟೆ. ಕೈ ತುಂಬ ಸಂಬಳ ಅಂತೀವಿ, ಕೈ ತುಂಬ ಕೆಲಸ ಅಂತೀವಿ. ಕೈ ತುಂಬ ಅಂದರೆ ಜಾಸ್ತಿ ಅಂತ ತಾನೇ ಅರ್ಥ? ಒಂದೇ ಡಬ್ಬ ಅಂದರೆ ದೇವರಿಗೆ ಜಿಪುಣತನ ಮಾಡಿದ ಹಾಗೆ ಅನಿಸಿತು ನಮಗೆ.

ಹಂಚಿಕೊಂಡು ಒಯ್ಯೋಣ ಅಂದೆ. ಅವರು ಒಪ್ಪಲಿಲ್ಲ. ನಿಮ್ಮ ಬ್ಯಾಗಿನಲ್ಲಿ ಚಪ್ಪಲಿ ಇರುತ್ತೆ, ಉಟ್ಟ ಬಟ್ಟೆ ಇರುತ್ತೆ, ದೇವರ ಸಾಮಾನು ಮೈಲಿಗೆ ಆಗುತ್ತೆ. ಅದೂ ಅಲ್ಲದೆ ನಾನೇ ತರಬೇಕು ಅಂದಿದ್ದಾಳಲ್ಲ ಅಜ್ಜಿ, ಅಂದರು. ಸರಿ, ಒಂದು ಹೊಸ ಬ್ಯಾಗ್ ಕೊಂಡು, ಹೊಸ ಟವೆಲ್‌ಗಳಲ್ಲಿ ಬಾಟಲಿ ಸುತ್ತಿ, ಎಲ್ಲವನ್ನೂ ಅದರಲ್ಲೇ ಇಟ್ಟು, ಅವರ ಹೆಸರಲ್ಲೇ ವಿಮಾನಕ್ಕೆ ಹಾಕಿದೆವು. ಕಸ್ಟಮ್ಸ್ ನಿಯಮ ನಾನೇ ಓದಿದ್ದೆ. ಸುಂಕ ಇಲ್ಲದೆ ತಲೆಗೆ ಎರಡು ಲೀಟರ್ ಮದ್ಯ. ಸುರುಟು ಆದರೆ ತಲೆಗೆ ಇಪ್ಪತ್ತೈದು. ಸುರುಟಿನ ಬದಲು ಸಿಗರೇಟ್ ತಂದರೆ ನೂರು. ನಮ್ಮ ಒಂದೊಂದು ಡಬ್ಬದಲ್ಲಿ ಇಪ್ಪತ್ತೈದೇ ಇದ್ದವು, ಎರಡು ಬಾಟಲಿ ಸೇರಿದರೂ ಒಂದೂವರೆ ಲೀಟರ್. ಮೂರು ಜನಕ್ಕೆ ಮೂರು ಪಾಲು, ಲೆಕ್ಕ ಪಕ್ಕಾ ಅಂತ ನಾನು ನೆಮ್ಮದಿಯಾಗಿ ನಿದ್ದೆ ಮಾಡಿಕೊಂಡೇ ಬಂದೆ.

ಬೆಂಗಳೂರಿನಲ್ಲಿ ಇಳಿದು ಸುಂಕದ ಸಾಮಾನು ಏನೂ ಇಲ್ಲದವರು ಹೋಗೋ ಹಸಿರು ದಾರಿ ಹಿಡಿದೆವು. ನಮ್ಮಿಬ್ಬರ ಬ್ಯಾಗು ಎಕ್ಸ್‌ರೇ ದಾಟಿ ಬಂದವು. ಮುನಿಯಪ್ಪನ ಬ್ಯಾಗ್ ಒಳಗೇ ನಿಂತಿತು, ಹಿಂದಕ್ಕೆ ಹೋಯ್ತು, ಮತ್ತೆ ಮುಂದೆ ಬಂತು. ಅಲ್ಲಿದ್ದ ಅಧಿಕಾರಿ ನನ್ನ ವಯಸ್ಸಿನ ಹೆಂಗಸು, ಕನ್ನಡಕ ಮೂಗಿನ ತುದಿಗೆ.

"ಯಾರದ್ದು ಇದು?"

"ನಂದ್ರಿ," ಅಂದರು ಫಿಟ್ಟರಣ್ಣ.

"ಮೂರು ಡಬ್ಬ ಸಿಗಾರ್, ಆರು ಬಾಟಲ್. ಎಲ್ಲಾ ನಿಮ್ಮದೇನಾ? ಹಾಗಾದ್ರೆ ಹಸಿರಲ್ಲಿ ಯಾಕೆ ಬಂದ್ರಿ? ಜಾಸ್ತಿ ತಂದೋರು ಕೆಂಪು ದಾರೀಲಿ ಬಂದು ಹೇಳ್ಬೇಕು."

ನಾನು ಓಡಿ ಹೋದೆ. "ಮೇಡಂ, ನಾವು ಮೂವರಿದ್ದೀವಿ. ತಲೆಗೆ ಇಪ್ಪತ್ತೈದು ಅಂತ ನಿಯಮ ಇದೆ, ನಾನು ಓದಿದ್ದೀನಿ."

"ತಲೆ ಮೂರು ಇದೆ, ಸರಿ. ಬ್ಯಾಗ್ ಒಂದೇ ಇದೆಯಲ್ಲ ಮೇಡಂ? ಒಬ್ಬರ ಪಾಲಿಗೆ ಇನ್ನೊಬ್ಬರ ಪಾಲು ಸೇರಿಸಿ ತರೋ ಹಾಗಿಲ್ಲ. ಅದೂ ಅದೇ ನಿಯಮದಲ್ಲಿದೆ, ಕೆಳಗೆ."

ಕೆಳಗಿನವರೆಗೆ ಓದಿದ್ದರೆ ತಾನೇ! ದೇವರು ಕೊಟ್ಟರೂ ಪೂಜಾರಿ ಕೊಡ ಅಂತ ನನಗೆ ಮೈಯೆಲ್ಲ ಉರಿಯಿತು. ಆದರೆ ನಿಜ ಹೇಳಬೇಕು, ಆಯಮ್ಮ ಜೋರು ಮಾಡಲಿಲ್ಲ. ಫಿಟ್ಟರಣ್ಣನ ಟವೆಲ್ ಸುತ್ತಿದ ಕೈ ನೋಡಿ ಏನಾಯ್ತು ಅಂತ ಕೇಳಿದರು. ಅವರು ಹೇಳಿದರು. ಚಕ್ರದ್ದು, ಅಜ್ಜಿ ಹರಕೆಯದ್ದು, ಮುನಿಯಪ್ಪನದ್ದು, ಎಲ್ಲ. ಹಿಂದೆ ಇದ್ದ ಟ್ರಾಲಿಗಳನ್ನ ಪಕ್ಕದ ಮೆಷಿನ್‌ಗೆ ಕಳಿಸಿ ಆಯಮ್ಮ ಪೂರ್ತಿ ಕೇಳಿಸಿಕೊಂಡರು.

"ನೋಡಿ ಅಣ್ಣ," ಅಂದರು, ದನಿ ತಗ್ಗಿಸಿ. "ಸರಿಯಾಗಿ ಯೋಚನೆ ಮಾಡಿ ಹೇಳಿ. ಈ ಡಬ್ಬಗಳಲ್ಲಿ ಒಂದು ಇವರದ್ದು, ಒಂದು ಅವರದ್ದಾ? ಅವರದ್ದನ್ನ ನಿಮ್ಮ ಬ್ಯಾಗಲ್ಲಿ ಇಟ್ಕೊಂಡಿದ್ರಾ ಅಷ್ಟೇನಾ?"

ಬಾಗಿಲು ಒಂದಿಷ್ಟು ತೆರೆದಿಟ್ಟಿದ್ದಾರೆ ಅಂತ ನನಗೆ ಗೊತ್ತಾಯ್ತು. ಹೂಂ ಅನ್ನಿ ಅಂತ ಕಣ್ಣಲ್ಲೇ ಹೇಳಿದೆ. ಪ್ರೋಗ್ರಾಮರ್ ಹಿಂದಿನಿಂದ ಮೆಲ್ಲಗೆ, "ಗುರು, ಹೂಂ ಅನ್ನಿ, ಹೂಂ ಅನ್ನಿ" ಅಂತಿದ್ದ.

ಫಿಟ್ಟರಣ್ಣ ಬ್ಯಾಗನ್ನೇ ನೋಡ್ತಾ ನಿಂತರು. "ಕೊಟ್ಟಿದ್ದು ಅವರಿಗೂ ಖರೇರಿ ಮೇಡಂ. ಆದ್ರ ಅವರು ಮುನಿಯಪ್ಪಗ ಅಂತ ನನಗ ಕೊಟ್ಟಾರ. ಈಗ ಅವರದು ಅಂದ್ರ, ತಂದವ ನಾ ಅಲ್ಲ ಅಂದಂಗ ಆಗತೈತಿ. ಎಲ್ಲಾ ನಂದ ಐತ್ರಿ."

"ಅಯ್ಯೋ ನಿಮ್ಮ!" ಅಂತ ನಾನು ಅಲ್ಲೇ ಕೂಗಿಬಿಟ್ಟೆ. "ಒಂದು ಹೂಂ ಅನ್ನೋದಕ್ಕೆ ಏನ್ ಕಷ್ಟ ಅಣ್ಣಾ ನಿಮಗೆ?"

ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇನ್ನು ಅವರ ಕೈಯಲ್ಲೂ ಏನೂ ಇರಲಿಲ್ಲ. "ಇವರೇ ಬಾಯಿಬಿಟ್ಟು ಹೇಳಿದ್ದಾರೆ, ಮುಚ್ಚಿಟ್ಟಿಲ್ಲ. ಅದಕ್ಕೇ ಕೇಸು ಗೀಸು ಅಂತ ಮಾಡಲ್ಲ. ಜಾಸ್ತಿ ಇರೋದಕ್ಕೆ ಸುಂಕ ಕಟ್ಟಬಹುದು. ಭಾರಿ ಬರುತ್ತೆ, ಮೊದಲೇ ಹೇಳ್ತೀನಿ. ಇಲ್ಲ ಅಂದ್ರೆ ಜಾಸ್ತಿ ಇರೋದನ್ನ ಇಲ್ಲೇ ಬಿಟ್ಟುಕೊಟ್ಟು ಹೋಗಬಹುದು."

ನಾನು ಪರ್ಸಿನಿಂದ ಕಾರ್ಡ್ ತೆಗೆದೆ. ಭಾರಿ ಆದರೆ ಆಗಲಿ, ಈ ಮನುಷ್ಯನ ಮುಖ ನೋಡೋದಕ್ಕೆ ಆಗ್ತಿರಲಿಲ್ಲ ನನಗೆ. ಅವರು ಎಡಗೈಯನ್ನ ನನ್ನ ಕಾರ್ಡಿಗೆ ಅಡ್ಡ ಹಿಡಿದರು.

"ಬ್ಯಾಡ್ರಿ ಅಕ್ಕಾರ. ನೀವು ಕಟ್ಟಿದರ ಅದು ನಿಮ್ಮ ಹರಕಿ ಆಗತೈತಿ." ಆಮೇಲೆ ಅಧಿಕಾರಿ ಕಡೆ ತಿರುಗಿದರು. "ನೀನ ತರಬೇಕು ಅಂತ ಅಜ್ಜಿ ಅಂದಾಳ. ನಿಮ್ಮ ಪಾಲು ಇಷ್ಟ ಅಂತ ನೀವು ಅಂತೀರಿ. ಎರಡೂ ಒಂದ ಮಾತ ಅಲ್ಲೇನ್ರಿ? ನನ್ನ ಪಾಲಿಂದಷ್ಟ ಕೊಡ್ರಿ, ಸಾಕು."

ನಮ್ಮ ಮನೆಯವರು ಕೇಳಿದರೆ ನಂಬೋದಿಲ್ಲ, ಆದರೆ ನಾನು ವಾದಕ್ಕೆ ಇಳಿಯಲಿಲ್ಲ. ಕಾರ್ಡು ಪರ್ಸಿಗೆ ಹೋಯ್ತು.

ಬ್ಯಾಗ್ ಬಿಚ್ಚೋ ಮುಂಚೆ ಆಯಮ್ಮ, "ಪೂಜೆ ಸಾಮಾನು ಅಂದ್ರಲ್ಲ" ಅಂತ ಮೇಜಿನ ಮೇಲಿದ್ದ ಸ್ಯಾನಿಟೈಜರ್ ಹಾಕಿ ಎರಡೂ ಕೈ ಉಜ್ಜಿಕೊಂಡರು. ಯಾವ ಡಬ್ಬ ಇರಲಿ ಅಂತ ಫಿಟ್ಟರಣ್ಣನನ್ನೇ ಕೇಳಿದರು. ಅವರು ತೋರಿಸಿದ ಒಂದು ಡಬ್ಬ, ಎರಡು ಬಾಟಲಿ ಬ್ಯಾಗಿನಲ್ಲಿ ಉಳಿದವು. ಮಿಕ್ಕಿದ್ದನ್ನ ಮೆಲ್ಲಗೆ ಪಕ್ಕಕ್ಕಿಟ್ಟರು.

"ಮೇಡಂ, ಎರಡು ಲೀಟರ್ ಅಂದ್ರೆ ಇನ್ನೂ ಅರ್ಧ ಲೀಟರ್ ಬಾಕಿ ಇದೆ," ಅಂದ ಪ್ರೋಗ್ರಾಮರ್.

"ಅಳೆದು ಹಾಕಿ ಕೊಡೋದಕ್ಕೆ ಇದೇನು ಹಾಲಿನ ಬೂತಾ? ಸುಮ್ನೆ ನಡೀರಿ," ಅಂದರು ಆಯಮ್ಮ. ಆದರೆ ನಗು ತಡೆಯೋಕಾಗಲಿಲ್ಲ ಅವರಿಗೆ.

ಬಿಟ್ಟುಕೊಟ್ಟಿದ್ದೀನಿ ಅಂತ ಸಹಿ ಹಾಕಬೇಕಿತ್ತು. ಫಿಟ್ಟರಣ್ಣ ಪೆನ್ನು ನೋಡಿದರು, ಟವೆಲ್ ನೋಡಿಕೊಂಡರು. "ಎಡಗೈಲೆ ಹಾಕಿದರ ನಡೀತೈತೇನ್ರಿ?" ನಡೆಯುತ್ತೆ ಅಂದರು. ಸೊಟ್ಟಂಬಟ್ಟ ಸಹಿ ಬಂತು. ನಾನು ಬೇರೆ ಕಡೆ ನೋಡಿದೆ.

ಕಸ್ಟಮ್ಸ್‌ನಲ್ಲಿ ಅಷ್ಟು ಗಟ್ಟಿಯಾಗಿ ಮಾತಾಡಿದ ಮನುಷ್ಯ ಟ್ಯಾಕ್ಸಿಯಲ್ಲಿ ಬ್ಯಾಗನ್ನ ತೊಡೆ ಮೇಲಿಟ್ಟುಕೊಂಡು ಕುಗ್ಗಿ ಕೂತಿದ್ದರು. ಹೆಬ್ಬಾಳ ದಾಟಿದ ಮೇಲೆ ಕಿಟಕಿಗೆ ಹೇಳೋ ಹಾಗೆ ಹೇಳಿದರು, "ಅಕಿ ಕೈ ತುಂಬ ಅಂದಿದ್ಲು. ಭಾಳ ಕಡಿಮಿ ಆತು. ಮುನಿಯಪ್ಪ ಒಪ್ಪಲಿಲ್ಲಂದ್ರ, ಈ ಕೈ..." ಅಷ್ಟಕ್ಕೇ ನಿಲ್ಲಿಸಿದರು. ನಾನು ಅವರ ಟವೆಲ್ ಮೇಲೆ ಒಂದು ಕ್ಷಣ ಕೈ ಇಟ್ಟೆ.

ಭಾನುವಾರ ಬೆಳಿಗ್ಗೆ ಗುಡಿ ಹತ್ತಿರ ಸೇರಿದೆವು. ಫಿಟ್ಟರಣ್ಣನ ಹೆಂಡತಿ ತೆಂಗಿನಕಾಯಿ ಹಿಡಿದು ನಿಂತಿದ್ದರು. ಕಾರ್ಖಾನೆಗಳಿಗೆ ರಜ, ರಸ್ತೆಯಲ್ಲಿ ಲಾರಿ ಇಲ್ಲ, ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನೋದು ಮಾತ್ರ ಕೇಳಿಸ್ತಿತ್ತು. ಅಜ್ಜಿ ಮುನಿಯಪ್ಪನಿಗೆ ಕುಂಕುಮ ಹಚ್ಚಿ, ಸೊಂಟ ಹಿಡಿದುಕೊಂಡು ಎದ್ದಳು.

"ಅಜ್ಜಿ, ಭಾಳ ತಂದಿದ್ದೆ," ಅಂತ ಫಿಟ್ಟರಣ್ಣ ಶುರು ಮಾಡಿದರು. "ಕಸ್ಟಮ್ಸ್‌ನ್ಯಾಗ ಬಿಟ್ಟು ಬರಬೇಕಾತು. ಒಂದ ಡಬ್ಬಿ ಉಳದೈತಿ. ನೀ ಕೈ ತುಂಬ ಅಂತ..."

"ಆ ಬಟ್ಟೆ ತಗಿ," ಅಂದಳು ಅಜ್ಜಿ.

"ಅಜ್ಜಿ..."

"ತಗೀಲಾ ಅಂದ್ರೆ!"

ಟವೆಲ್ ಬಿಚ್ಚಿದರು. ಎರಡು ಬೆರಳು ತೆಳ್ಳಗಾಗಿ, ಹೊಲಿಗೆಯ ಗೆರೆ ಕೆಂಪಗೆ, ಕಡ್ಡಿಯ ಹಾಗೆ ನೆಟ್ಟಗೆ ನಿಂತಿದ್ದವು. ಅಜ್ಜಿ ಡಬ್ಬ ತೆಗೆದು ಅವರ ಮುಂದೆ ಹಿಡಿದಳು.

"ಇಡ್ಕಾ. ಇಡ್ದಷ್ಟೂ ಇಡ್ಕಾ."

ಅವರು ಕೈ ಹಾಕಿದರು. ಮೂರೋ ನಾಲ್ಕೋ ಬಂದವು, ಜಾರಿ ಡಬ್ಬದೊಳಗೇ ಬಿದ್ದವು. ಮತ್ತೆ ಹಾಕಿದರು, ಮತ್ತೆ ಬಿದ್ದವು. ಹೆಂಡತಿ ಹಿಡಿಯೋದಕ್ಕೆ ಮುಂದೆ ಬಂದರೆ ಅಜ್ಜಿ ಕಣ್ಣಲ್ಲೇ ನಿಲ್ಲಿಸಿದಳು. ತನ್ನ ಸುಕ್ಕುಗಟ್ಟಿದ ಅಂಗೈಯನ್ನ ಅವರ ಕೈ ಕೆಳಗೆ ತಂದು ಇಟ್ಟಳು. ಒತ್ತಲಿಲ್ಲ, ಸುಮ್ಮನೆ ಇಟ್ಟಳು.

"ಮಡುಚು."

"ನೋವಾಗತೈತಿ ಅಜ್ಜಿ."

"ನೋವಾದ್ರೆ ಜೀವ ಐತೆ ಅಂತ. ಮಡುಚು ಮಗ."

ನಡುಬೆರಳು ಅಲ್ಲಾಡಿತು. ಮೆಲ್ಲಗೆ ಬಗ್ಗಿತು. ಉಂಗುರದ ಬೆರಳು ಅರ್ಧಕ್ಕೇ ನಿಂತಿತು, ನಡುಗಿತು, ಆದರೆ ಹಿಂದಕ್ಕೆ ಹೋಗಲಿಲ್ಲ. ಅವರ ಹಣೆ ಮೇಲೆ ಬೆವರು. ಮುಷ್ಟಿಯೊಳಗೆ ಒಂದು ಹಿಡಿ ಸುರುಟು ನಿಂತವು.

"ತುಂಬ್ತಾ ಕೈ?"

"ತುಂಬೇತಿ..."

"ಇನ್ನೇನ್ಲಾ ಮತ್ತೆ? ಕೈ ತುಂಬ ಅಂತ ತಾನೇ ನಾನು ಏಳಿದ್ದು? ಗಾಡಿ ತುಂಬ ಅಂದಿದ್ನಾ?"

ಫಿಟ್ಟರಣ್ಣ ಅತ್ತರು. ಆಸ್ಪತ್ರೆಯಲ್ಲಿ ಅಳದವರು, ಸುರುಟು ಹಿಡಿದುಕೊಂಡು ಮಕ್ಕಳ ಹಾಗೆ ಅತ್ತರು. ಅವರ ಹೆಂಡತಿಯೂ ಅತ್ತರು, ನಾನೂ ಅತ್ತೆ. ನಾಚಿಕೆ ಏನು ಅದರಲ್ಲಿ. ಪ್ರೋಗ್ರಾಮರ್ ಬೇವಿನ ಮರದ ಕಡೆ ತಿರುಗಿ ಮೂಗು ಒರೆಸಿಕೊಂಡ. ಅಜ್ಜಿಗೆ ಮಾತ್ರ ಪುರುಸೊತ್ತಿಲ್ಲ. ಸುರುಟು ಇಡಿಸಿ, ಒಂದನ್ನ ಹಚ್ಚಿ ಮುನಿಯಪ್ಪನ ಮುಂದೆ ಸಿಕ್ಕಿಸಿ, "ಎಂಡ ಎಲ್ಲಿ? ಬಿರಡೆ ತಗಿ, ಅವನೆಷ್ಟೊತ್ತು ಕಾಯ್ತಾನೆ" ಅಂದಳು.

ನಾನು ಬಾಟಲಿ ಬಿಚ್ಚೋದಕ್ಕೆ ಕೈ ಚಾಚಿದೆ. ಫಿಟ್ಟರಣ್ಣ ಅದನ್ನ ಎಡಗೈಗೆ ತೆಗೆದುಕೊಂಡು ಎದೆಗೆ ಒತ್ತಿ ಹಿಡಿದರು. ಬಲಗೈ ಮುಚ್ಚಳದ ಮೇಲೆ ಬಂತು. ಬೆರಳುಗಳು ಒಂದೊಂದಾಗಿ ಕೂತವು, ಕೊನೆಗೆ ಅರ್ಧ ಬಗ್ಗಿದ ಆ ಬೆರಳೂ. ತಿರುಗಿಸಿದರು. ಮೊದಲ ಸಲ ಜಾರಿತು. ಎರಡನೇ ಸಲ ಹಲ್ಲು ಕಚ್ಚಿಕೊಂಡು ತಿರುಗಿಸಿದರು.

ಟಕ್.

ಅವರು ಕಣ್ಣು ಮುಚ್ಚಿದರು.

"ಬರೋಬ್ಬರಿ ಐತ್ರಿ ಅಕ್ಕಾರ," ಅಂದರು.

ಮೀಟರ್ ಇರಲಿಲ್ಲ ನಮ್ಮ ಹತ್ತಿರ. ಆದರೂ ಆವತ್ತು ಎಲ್ಲರಿಗೂ ಟೀ ನಾನೇ ಕೊಡಿಸಿದೆ.